ಉಪ್ಪಿನ ಸರೋವರದಲ್ಲಿ ಕಂಡೆ ಅಂದವಳು

ಇದನ್ನು ಉಪ್ಪಿನ ಸರೋವರದಿಂದ ಶುರು ಮಾಡಿದರೆ ಪ್ರವಾಸದ ಬರಹವಾಗುತ್ತದೆ, ನಾದಿನಿಯಿಂದ ಶುರು ಮಾಡಿದರೆ ಮನೆ ಜಗಳವಾಗುತ್ತದೆ. ಎರಡೂ ಬೇಡ. ಒಂದು ಕಾಗದದ ಬೆಣೆಯಿಂದ ಶುರು ಮಾಡುತ್ತೇನೆ.

ಹಕ್ಕಿ ನೋಡಲು ನಮ್ಮ ಹತ್ತಿರ ಒಂದು ಹಳೆಯ ಸ್ಕೋಪು ಇದೆ. ಒಂದೇ ಕಣ್ಣಿಟ್ಟು ನೋಡುವ ದೂರದರ್ಶಕ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಆ ಸ್ಟ್ಯಾಂಡಿನ ತಿರುಪು ಸವೆದುಹೋಗಿದೆ. ಎಷ್ಟು ಬಿಗಿದರೂ ಸ್ವಲ್ಪ ಹೊತ್ತಿಗೆ ಸ್ಕೋಪಿನ ಮೂತಿ ಮೆಲ್ಲಗೆ ನೆಲದ ಕಡೆ ಬಾಗುತ್ತದೆ, ಪ್ರವಚನದಲ್ಲಿ ಕೂತು ತೂಕಡಿಸುವವರ ತಲೆಯಂತೆ. ಹೊಸದು ತರೋಣ ಎಂದು ನಾನು ಹೇಳುತ್ತಲೇ ಇದ್ದೆ. "ಇದಕ್ಕೇನಾಗಿದೆ ಮಾರಾಯ್ತಿ, ಒಂದು ಬೆಣೆ ಹೊಡೆದ್ರೆ ನಮ್ಮಿಬ್ರಿಗಿಂತ ಜಾಸ್ತಿ ದಿನ ಬರುತ್ತೆ" ಎಂದು ನಾದಿನಿ ದಪ್ಪ ಕಾಗದವನ್ನು ಮಡಚಿ, ಮತ್ತೆ ಮಡಚಿ, ಹಲ್ಲಿನಲ್ಲಿ ಕಚ್ಚಿ ಚೂಪು ಮಾಡಿ ತಿರುಪಿನ ಸಂದಿಗೆ ತುರುಕುತ್ತಿದ್ದಳು. ಬೆಣೆ ಇರುವಷ್ಟು ಹೊತ್ತು ಸ್ಕೋಪು ಅಲುಗುತ್ತಿರಲಿಲ್ಲ. ಬೆಣೆ ಬಿದ್ದರೆ ಬಾಗುತ್ತಿತ್ತು. ಇಷ್ಟು ತಿಳಿದಿದ್ದರೆ ಸಾಕು.

ನಾದಿನಿ ಎಂದರೆ ನನ್ನ ಗಂಡನ ತಂಗಿ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು. ನಾಲ್ಕು ಜನರ ಮುಂದೆ ನನ್ನನ್ನು "ಅತ್ತಿಗೆ, ನೀವು" ಎನ್ನುತ್ತಾಳೆ, ನಾವಿಬ್ಬರೇ ಇದ್ದಾಗ "ನೀನು", "ಮಾರಾಯ್ತಿ". ಅವಳು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದಳು. ಯಂತ್ರದಿಂದ ಬಂದ ಹಾಳೆಯನ್ನು ಮಾದರಿ ಹಾಳೆಯ ಪಕ್ಕ ಬೆಳಕಿಗೆ ಹಿಡಿದು ಬಿಳುಪು ಹೊಂದುತ್ತದೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸಗಳಲ್ಲಿ ಒಂದು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಅವಳ ಸಂಸಾರ. ಕಾರ್ಖಾನೆ ನಿಂತ ಮೇಲೆ ಜನ್ನಾಪುರಕ್ಕೆ ಮನೆ ಬದಲಾಯಿಸಿದರು. ಬಿಳಿ ಎಂದರೆ ಒಂದೇ ಅಲ್ಲ, ನೀಲಿ ಹತ್ತಿದ ಬಿಳಿ ಇದೆ, ಕೆನೆ ಬಿಳಿ ಇದೆ, ಬೂದಿ ಬಿದ್ದ ಬಿಳಿ ಇದೆ ಎಂದು ನಾನು ಕಲಿತದ್ದು ಅವಳಿಂದ. ನಮ್ಮ ಮನೆಯ ಒಗೆದ ಬಟ್ಟೆ ನೋಡಿ, "ಅತ್ತಿಗೆ, ನಿಮ್ಮ ಬಿಳಿಗೆ ಸೋಪು ಸಾಲ್ತಿಲ್ಲ" ಎಂದು ಅತ್ತೆಯ ಮುಂದೆಯೇ ಹೇಳಿದವಳು. ಅಂಥ ಕಣ್ಣು.

ನಾನು ಶಿವಮೊಗ್ಗದ ಬ್ಯಾಂಕೊಂದರಲ್ಲಿ ಇದ್ದೆ. ನಮ್ಮ ತಿಜೋರಿಗೆ ಎರಡು ಕೀಲಿ, ಎರಡೂ ಬೇರೆ ಬೇರೆಯವರ ಕೈಯಲ್ಲಿ. ಒಬ್ಬರು ಎಷ್ಟೇ ಪ್ರಾಮಾಣಿಕರಿರಲಿ, ಅವರೊಬ್ಬರಿಂದಲೇ ಬಾಗಿಲು ತೆರೆಯುವುದಿಲ್ಲ. ಈ ಪದ್ಧತಿಯನ್ನು ನಾನು ಹಕ್ಕಿಗಳಿಗೂ ತಂದೆ. ಇಬ್ಬರೂ ನೋಡಿ ಇಬ್ಬರೂ "ಕಂಡೆ" ಎಂದರೆ ಮಾತ್ರ ಆ ಹಕ್ಕಿ ಕಂಡಂತೆ. ಒಬ್ಬಳಿಗೇ ಕಂಡರೆ ಅದು ಆ ದಿನ ಬರಲೇ ಇಲ್ಲ. ನಾವು ಏನನ್ನೂ ಬರೆದಿಡುತ್ತಿರಲಿಲ್ಲ. ನನಗೆ ಅವಳು ಸಾಕ್ಷಿ, ಅವಳಿಗೆ ನಾನು.

ಇನ್ನೊಂದು ನಿಯಮ ಅವಳದು. ನಮ್ಮಿಂದಾಗಿ ಹಕ್ಕಿ ಹಾರಿದರೆ ಆ ಬೆಳಿಗ್ಗೆ ನೋಡಿದ್ದೆಲ್ಲ ರದ್ದು. ಹಾರಲಿಕ್ಕೆ ಅದು ಖರ್ಚು ಮಾಡುವ ಶಕ್ತಿಗೆ ನಾವೇನೂ ಕೊಡುವುದಿಲ್ಲವಲ್ಲ ಎನ್ನುತ್ತಿದ್ದಳು. ಹೊಳೆಹೊನ್ನೂರು ರಸ್ತೆಯ ಕೆರೆಯ ಏರಿಯ ಮೇಲೆ ಒಮ್ಮೆ ನನಗೆ ಸೀನು ಬಂದು, ಬಾಯ್ಕಳಕ ಕೊಕ್ಕರೆಗಳ ಇಡೀ ಗುಂಪು ಎದ್ದುಹೋಯಿತು. ಅವಳು ಬೈನಾಕ್ಯುಲರ್ ಚೀಲಕ್ಕೆ ಹಾಕಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟಳು. ಇಡ್ಲಿ ತಿನ್ನುವಾಗ, "ಸೀನಿಗೂ ಒಂದು ಟೈಮ್ ಬೇಡ್ವಾ?" ಎಂದಳು.

ಭಾನುವಾರ ಬೆಳಿಗ್ಗೆ ನಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಭದ್ರಾವತಿಗೆ, ಅವಳು ಜನ್ನಾಪುರದಿಂದ ಸ್ಕೂಟಿಯಲ್ಲಿ. ಕೊನೆಕೊನೆಗೆ ಸ್ಕೂಟಿ ಬಿಟ್ಟು ಆಟೋದಲ್ಲಿ ಬರತೊಡಗಿದಳು. ಮಂಡಿ ನೋವು ಎಂದಳು. ನನಗೂ ಮಂಡಿ ನೋವಿತ್ತು, ನಂಬಿದೆ.

ಈಗ ಹಿಂದಿರುಗಿ ನೋಡಿದರೆ ಸ್ಕೂಟಿ, ಆಟೋ, ಮಂಡಿ ಎಲ್ಲವೂ ಸುಳಿವುಗಳಾಗಿ ಸಾಲಾಗಿ ನಿಂತುಕೊಳ್ಳುತ್ತವೆ. ಆಗ ಅವು ಸುಳಿವುಗಳಾಗಿರಲಿಲ್ಲ, ಬರೀ ಸ್ಕೂಟಿ, ಬರೀ ಮಂಡಿ. ನೆನಪು ಹೀಗೆ ಬುದ್ಧಿವಂತನಂತೆ ಮಾತಾಡಿದಾಗ ನನಗೆ ಅದರ ಮೇಲೆ ನಂಬಿಕೆ ಹೋಗುತ್ತದೆ. ಆದರೆ ಒಂದು ವಿಷಯ ಆಗಲೂ ನನಗೆ ಗೊತ್ತಾಗಿತ್ತು, ತಪ್ಪಾಗಿ ಗೊತ್ತಾಗಿತ್ತು. ನಾದಿನಿ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಳು. ನಾನು ಎದುರಿಗೆ ಕೂತರೆ ನನ್ನ ಕಿವಿಯ ಆಚೆ ಎಲ್ಲಿಯೋ ನೋಡುತ್ತಿದ್ದಳು. ಅತ್ತಿಗೆಗೆ ನಾದಿನಿ ಮುಖ ಕೊಡುತ್ತಿಲ್ಲ ಎಂದರೆ ನಮ್ಮ ಕಡೆ ಅದಕ್ಕೆ ಅರ್ಥ ಹುಡುಕಬೇಕಾಗಿಲ್ಲ. ತೀರಿಹೋದ ಅತ್ತೆಯ ವರ್ಷದ ಪೂಜೆಗೆ ಹೋಳಿಗೆ ಬೇಡ, ಗೋಧಿ ಪಾಯಸ ಸಾಕು ಎಂದಿದ್ದೆ. ಆ ಸಿಟ್ಟು ಎಂದುಕೊಂಡೆ. ಮುಂದಿನ ಹಬ್ಬಕ್ಕೆ ಕರೆದು ಹೋಳಿಗೆ ಮಾಡಿ ಬಡಿಸಿದೆ. "ಚೆನ್ನಾಗಿದೆ" ಎಂದು ನನ್ನ ಹಿಂದಿನ ಗೋಡೆಗೆ ಹೇಳಿದಳು.

ಫ್ಲೆಮಿಂಗೊ ನೋಡಬೇಕೆಂದು ಹಟ ಹಿಡಿದವಳು ಅವಳೇ. ರಾಜಹಂಸ ಎಂದು ಕೆಲವರು ಕರೆಯುವ, ಗುಲಾಬಿ ಬಣ್ಣದ, ಕಡ್ಡಿ ಕಾಲಿನ ಹಕ್ಕಿ. ರಾಜಸ್ಥಾನದಲ್ಲಿ ಮಳೆಗಾಲದಲ್ಲಿ ತುಂಬಿ ಬೇಸಿಗೆಗೆ ಒಣಗಿ ಬಿಳಿಯಾಗುವ ಒಂದು ಉಪ್ಪಿನ ಸರೋವರವಿದೆ. ನೀರು ಇಳಿಯುತ್ತಿರುವ ಚಳಿಗಾಲದಲ್ಲಿ ಅವು ಅಲ್ಲಿರುತ್ತವೆ. "ಈ ವರ್ಷನೇ ಹೋಗ್ಬೇಕು" ಎಂದಳು. ಮುಂದಿನ ವರ್ಷ ಹೋಗೋಣ ಎಂದೆ. "ಬೇಡ, ಈ ವರ್ಷನೇ." ಯಾಕೆ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿದ್ದರೆ ಮಂಡಿ ಎಂದಿರುತ್ತಾಳೆ.

ನನ್ನ ಗಂಡ ಸ್ಟೇಷನ್ನಿಗೆ ಬಂದಿದ್ದ. ತಂಗಿಯ ಚೀಲವನ್ನು ತಾನೇ ಒಳಗಿಟ್ಟು, ಸೀಟಿನಲ್ಲಿ ಕೂರಿಸಿ, ನನ್ನ ಕಡೆ ತಿರುಗಿ, "ಮೆಟ್ಲು ಹತ್ತೋವಾಗ ಇಳಿಯೋವಾಗ ಅವಳ ಕೈ ಹಿಡ್ಕೋ" ಎಂದ. "ನನ್ನ ಕೈ ಹಿಡಿಯೋರು ಯಾರು?" ಎಂದೆ. ಎಲ್ಲರೂ ನಕ್ಕೆವು.

ಸರೋವರದ ದಡಕ್ಕೆ ಬೆಳಿಗ್ಗೆ ಹೋದೆವು. ಜೀಪಿನವನು ಒಂದು ಒಡ್ಡಿನ ಮೇಲೆ ನಿಲ್ಲಿಸಿದ. ಎದುರಿಗೆ ಆಕಾಶ ಎಲ್ಲಿ ಮುಗಿಯಿತು ನೆಲ ಎಲ್ಲಿ ಶುರುವಾಯಿತು ಗೊತ್ತಾಗದಂಥ ಬಿಳುಪು. ಕಾಲಿಟ್ಟರೆ ಉಪ್ಪಿನ ಪದರ ಹಪ್ಪಳದಂತೆ ಮುರಿಯುತ್ತಿತ್ತು. ನಾದಿನಿ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಆಮೇಲೆ ಕೈ ಚಾಚಿ, "ಅಲ್ಲಿಂದ ಇಲ್ಲಿವರ್ಗೂ ನೀಲಿ ಬಿಳಿ. ಈ ಕಡೆ ಕೆನೆ. ಆ ದೂರದಲ್ಲಿ ಇರೋದು ಬೂದಿ ಬಿದ್ದಿದ್ದು. ಎಷ್ಟು ರೀಮು ಕಾಗದ ಹಾಸಿದಾರೆ ಮಾರಾಯ್ತಿ!" ಎಂದಳು. ಅವಳು ಹೇಳಿದ ಮೇಲೆ ನನಗೂ ಹಾಗೇ ಕಂಡಿತು.

ಹಕ್ಕಿಗಳು ದೂರದಲ್ಲಿದ್ದವು. ಬರಿಗಣ್ಣಿಗೆ ನೀರಿನ ಅಂಚಿನಲ್ಲಿ ಒಂದು ಮಸುಕು ಗುಲಾಬಿ ಗೀಟು. ಒಡ್ಡು ಬಿಟ್ಟು ಕೆಳಗಿಳಿಯಬಾರದು ಎಂದು ನಾವು ಊರಿನಲ್ಲೇ ಮಾತಾಡಿಕೊಂಡಿದ್ದೆವು. ನೀರು ಕಡಿಮೆಯಾಗುತ್ತಾ ಬಂದಂತೆ ಅವಕ್ಕೆ ಮೇಯುವ ಜಾಗವೂ ಕಡಿಮೆ. ಎಬ್ಬಿಸಿದರೆ ಹೋಗಲಿಕ್ಕೆ ಬೇರೆ ಕಡೆ ಇರುವುದಿಲ್ಲ.

ಜೀಪಿನವನಿಗೆ ಇದು ವಿಚಿತ್ರವಾಗಿ ಕಂಡಿತು. ಅಷ್ಟು ದೂರದಿಂದ ಬಂದು ಇಲ್ಲೇ ನಿಲ್ಲುತ್ತೀರಾ ಎಂದು ಹಿಂದಿಯಲ್ಲಿ ಕೇಳಿದ. ಬಂದವರೆಲ್ಲ ಇಳಿದು ಹತ್ತಿರ ಹೋಗುತ್ತಾರೆ, ನೀವು ಬೇಡವಾದರೆ ನಾನೇ ಹೋಗಿ ಒಂದು ಕಲ್ಲು ಎಸೆದು ಬರುತ್ತೇನೆ, ಎಲ್ಲ ಒಟ್ಟಿಗೆ ಏಳುತ್ತವೆ, ರೆಕ್ಕೆಯ ಒಳಗೆ ಕೆಂಪು ಇರುತ್ತದೆ, ಇಡೀ ಆಕಾಶ ಕೆಂಪಾಗುತ್ತದೆ, ಅದನ್ನು ನೋಡದಿದ್ದರೆ ಏನು ನೋಡಿದ ಹಾಗಾಯಿತು ಎಂದ. ಬಗ್ಗಿ ಕಲ್ಲನ್ನೂ ಆರಿಸಿಕೊಂಡಿದ್ದ.

"ನಕ್ಕೋ ಭೈಯಾ, ಖಾನೇ ದೋ ಉನ್ಕೋ" ಎಂದೆ ನಾನು.

ಬೇಡಪ್ಪ, ಅವು ತಿನ್ನಲಿ ಬಿಡು ಎಂದರ್ಥ. ನಮ್ಮ ಊರಿನ ಬಜಾರಿನ ಆ ನಕ್ಕೋ ಅವನಿಗೆ ಹೊಸದು. "ನಕ್ಕೋ, ನಕ್ಕೋ" ಎಂದು ತಾನೇ ಎರಡು ಸಲ ಹೇಳಿಕೊಂಡು ನಕ್ಕು ಕಲ್ಲು ಬಿಸಾಡಿ ಬೀಡಿ ಹಚ್ಚಿದ. ಈ ಜಾಗವನ್ನು ನೆನಪಿಡಿ. ಇದನ್ನು ಇನ್ನೊಮ್ಮೆ ಬರೆಯಬೇಕಾಗುತ್ತದೆ.

ನಾದಿನಿ ಬೆಣೆ ಹೊಡೆದಳು. ನಾನು ಸ್ಕೋಪು ತಿರುಗಿಸಿ ಗುಂಪನ್ನು ಹಿಡಿದೆ. ಅವು ತಲೆಯನ್ನು ಬುಡಮೇಲು ಮಾಡಿ ನೀರಿಗೆ ಅದ್ದಿ, ಕುತ್ತಿಗೆಯನ್ನು ಅತ್ತ ಇತ್ತ ಬೀಸುತ್ತಾ ಮೇಯುತ್ತಿದ್ದವು. ಒಂದು ಕಾಲೆತ್ತಿ ಮತ್ತೆ ಇಡುವಾಗ ಮಂಡಿ ಹಿಂದಕ್ಕೆ ಮಡಚುತ್ತಿತ್ತು. ಬೆಳಕು ಬಿದ್ದ ಕಡೆ ಗುಲಾಬಿ, ಉಳಿದಂತೆ ಬಿಳಿಯೇ. ನಾನು ಅಂದುಕೊಂಡಷ್ಟು ಬಣ್ಣ ಇರಲಿಲ್ಲ, ಆದರೂ ಇನ್ನೊಮ್ಮೆ ನೋಡಿದೆ. "ಕಂಡೆ" ಎಂದು ಪಕ್ಕಕ್ಕೆ ಸರಿದೆ.

ಅವಳು ಬಗ್ಗಿ ಕಣ್ಣಿಟ್ಟಳು. ತುಂಬ ಹೊತ್ತು ನೋಡಿದಳು.

"ಕಂಡೆ ಅತ್ತಿಗೆ. ಅಯ್ಯೋ, ಒಂದು ತಲೆ ಎತ್ತಿ ನಮ್ ಕಡೆನೇ ನೋಡ್ತಿದೆ. ಕೊಕ್ಕಿನ ತುದಿ ನೋಡು, ಮಸಿ ದೌತಿಗೆ ಅದ್ದಿದ ಹಾಗಿದೆ."

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಅರವತ್ತರ ಹತ್ತಿರದ ಇಬ್ಬರು ಹೆಂಗಸರು ಉಪ್ಪಿನ ಮೇಲೆ ಕುಣಿದದ್ದನ್ನು ಜೀಪಿನವನು ಬೀಡಿ ಸೇದುತ್ತಾ ನೋಡಿದ. ಕುಣಿದು ಮುಗಿದಾಗ ನನ್ನ ಚಪ್ಪಲಿಯ ಪಕ್ಕ ಕಾಗದದ ಬೆಣೆ ಬಿದ್ದಿರುವುದು ಕಂಡಿತು. ಸ್ಕೋಪು ಮೂತಿ ಕೆಳಗೆ ಮಾಡಿ ನಿಂತಿತ್ತು. ನಾನು ಬಗ್ಗಿ ನೋಡಿದೆ. ಉಪ್ಪಿನ ಪದರ, ಅದರಲ್ಲೊಂದು ಬಿರುಕು, ಬಿರುಕಿನಲ್ಲಿ ಕಪ್ಪು ಕೆಸರು.

ನಾವು ಕುಣಿದಾಗ ಬಿದ್ದಿರಬಹುದು. ಇದನ್ನು ಆಗಲೇ ನನಗೆ ನಾನೇ ಹೇಳಿಕೊಂಡೆ. ಆದರೆ ನಾವು ಸ್ಟ್ಯಾಂಡಿನಿಂದ ಒಂದಷ್ಟು ಆಚೆ ಕುಣಿದಿದ್ದೆವು, ಬೆಣೆ ಬಿದ್ದಿದ್ದು ಸ್ಟ್ಯಾಂಡಿನ ಬುಡದಲ್ಲಿ. ನಾನು ಸರಿಯುವಾಗ ನನ್ನ ಸೆರಗು ತಾಗಿರಬೇಕು. ಹಾಗಿದ್ದರೆ ಅವಳು ಕಣ್ಣಿಡುವ ಹೊತ್ತಿಗೆ ಸ್ಕೋಪು ಬಾಗಿ ಆಗಿತ್ತು. ನಮ್ಮ ಕಡೆ ನೋಡಿದ ಹಕ್ಕಿ ಎಲ್ಲಿಂದ ಬಂತು?

ಆ ದಿನ ಏನೂ ಹೇಳಲಿಲ್ಲ. ಬ್ಯಾಂಕಿನಲ್ಲಿ ಸಹಿಯ ಮೇಲೆ ಅನುಮಾನ ಬಂದರೆ ಮೊದಲು ಕೂಗಾಡಬಾರದು, ಇನ್ನೊಂದು ಸಹಿ ಹಾಕಿಸಿ ನೋಡಬೇಕು.

ಮರುದಿನ ಬೆಳಿಗ್ಗೆ ಅದೇ ಒಡ್ಡು. ಹಕ್ಕಿಗಳು ಸ್ವಲ್ಪ ಎಡಕ್ಕೆ ಸರಿದಿದ್ದವು. ಗಾಳಿ ಆ ಕಡೆಯಿಂದ ಬೀಸುತ್ತಿದ್ದುದರಿಂದ ಅವುಗಳ ಸದ್ದೂ ಕೇಳುತ್ತಿತ್ತು, ಬಾತುಗಳು ಒಟ್ಟಿಗೆ ಚಾಡಿ ಹೇಳಿಕೊಂಡಂತೆ. ಬೆಣೆಯನ್ನು ನಾನೇ ಗಟ್ಟಿಯಾಗಿ ಹೊಡೆದೆ. ಸ್ಕೋಪನ್ನು ಬಲಕ್ಕೆ, ಏನೂ ಇಲ್ಲದ ಉಪ್ಪಿನ ಬಯಲಿನ ಕಡೆ ತಿರುಗಿಸಿ ನಿಲ್ಲಿಸಿದೆ.

"ಬಾ, ನೋಡು. ಒಂದು ಮರಿ ಇದ್ದ ಹಾಗಿದೆ. ಇನ್ನೂ ಬೂದು ಬಣ್ಣ."

ಅವಳು ಬಗ್ಗಿದಳು. ಬೇರೆಯವರ ಮನೆಯಲ್ಲಿ ದೇವರಿಗೆ ನಮಸ್ಕಾರ ಮಾಡುವವರ ಹಾಗೆ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿದ್ದಳು.

"ಹೌದು, ಬೂದು. ಪಾಪ, ಇನ್ನೂ ಬಣ್ಣ ಬಂದಿಲ್ಲ ಅದಕ್ಕೆ. ಅಮ್ಮನ ಪಕ್ಕಾನೇ ನಿಂತಿದೆ."

"ಕಂಡ್ಯಾ?"

"ಕಂಡೆ."

ನಾನು ಸ್ಕೋಪು ಬಿಚ್ಚಿ ಚೀಲಕ್ಕೆ ಹಾಕಿದೆ.

ವಾಪಸು ಬರುವ ರೈಲಿನಲ್ಲಿ ದಾವಣಗೆರೆಯ ಒಂದು ಸಂಸಾರ ನಮ್ಮೆದುರು ಕೂತಿತ್ತು. ಅವರಿಗೆ ನಾದಿನಿ ಫ್ಲೆಮಿಂಗೊಗಳನ್ನು ವರ್ಣಿಸಿದಳು. ನನ್ನ ಆಣೆ, ನಾನು ನೋಡಿದ್ದಕ್ಕಿಂತ ಚೆನ್ನಾಗಿದ್ದವು. ಕುತ್ತಿಗೆ ಬೀಸುವುದು, ಮಂಡಿ ಹಿಂದಕ್ಕೆ ಮಡಚುವುದು, ಬೆಳಕು ಬಿದ್ದಾಗ ಮಾತ್ರ ಗುಲಾಬಿಯಾಗುವುದು, ಎಲ್ಲ ಹೇಳಿದಳು. ಅವೆಲ್ಲ ನಾನು ಹಿಂದಿನ ರಾತ್ರಿ ಊಟದ ಹೊತ್ತಿಗೆ ಹೇಳಿದ ಮಾತುಗಳು. ನನ್ನದೇ ಕಣ್ಣನ್ನು ನನ್ನ ಎದುರಿಗೇ ಕೂತು ಖರ್ಚು ಮಾಡುತ್ತಿದ್ದಳು. "ಅಲ್ವಾ ಅತ್ತಿಗೆ?" ಎಂದು ನಡುನಡುವೆ ನನ್ನ ಕಿವಿಯ ಪಕ್ಕಕ್ಕೆ ಕೇಳುತ್ತಿದ್ದಳು. "ನೀವೂ ನೋಡಿದ್ರಾ ಅಮ್ಮ?" ಎಂದು ಆ ಸಂಸಾರದ ಹೆಂಗಸು ನನ್ನನ್ನು ಕೇಳಿದಳು. ತಲೆಯಾಡಿಸಿದೆ.

ಆಗ ನನಗೆ ಸಿಟ್ಟು ಬಂದದ್ದು ಫ್ಲೆಮಿಂಗೊಗಳಿಗಾಗಿ ಅಲ್ಲ. ರೈಲು ಓಡುತ್ತಿದ್ದ ಅಷ್ಟು ಹೊತ್ತೂ ಮನಸ್ಸಿನಲ್ಲಿ ಹಳೆಯ ಹಕ್ಕಿಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದೆ. ಭದ್ರೆಯ ದಡದ ಬಂಡೆಯ ಮೇಲೆ ರೆಕ್ಕೆ ಹರವಿ ಕೂತಿದ್ದ ಹಾವಕ್ಕಿ. ಅದನ್ನು ಅವಳು ಕಂಡಿದ್ದಳೇ? ಕೆರೆಯ ಜೊಂಡಿನಲ್ಲಿ ಬೆನ್ನ ಮೇಲೆ ಮರಿ ಹೊತ್ತ ಗುಳುಮುಳುಕ. ಅದು? ಇಬ್ಬರ ಸಾಕ್ಷಿಯ ಮೇಲೆ ನಿಂತಿದ್ದ ಭಾನುವಾರಗಳಲ್ಲಿ ಒಂದು ಕೀಲಿ ಯಾವಾಗಿನಿಂದ ಖೋಟಾ ಎಂದು ಗೊತ್ತಾಗದೆ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ನೋಡಿದ್ದರಲ್ಲಿ ನಿಜವೆಷ್ಟು ಎಂಬುದೊಂದೇ ನನಗೆ ಬೇಕಾಗಿತ್ತು. ಉಳಿದದ್ದೆಲ್ಲ ಆಮೇಲೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ಸೌತೆಕಾಯಿ ಹೆಚ್ಚುತ್ತಿದ್ದ. ನಿಮ್ಮ ತಂಗಿ ಖಾಲಿ ಉಪ್ಪನ್ನು ನೋಡಿ ಹಕ್ಕಿ ಕಂಡೆ ಅಂದಳು, ಮರಿ ಕಂಡೆ ಅಂದಳು ಎಂದೆ. ಅವನು ಆಶ್ಚರ್ಯಪಡುತ್ತಾನೆ, ನಗುತ್ತಾನೆ, ಇಲ್ಲವೇ ನಂಬುವುದಿಲ್ಲ ಎಂದುಕೊಂಡಿದ್ದೆ. ಅವನು ಚಾಕು ಕೆಳಗಿಟ್ಟ.

"ಬೈದ್ಯಾ ಅವಳಿಗೆ?"

ಆ ಒಂದು ಪ್ರಶ್ನೆಯಲ್ಲಿ ಎಲ್ಲ ಇತ್ತು.

"ಏನ್ರೀ ಗೊತ್ತು ನಿಮಗೆ?"

"ಕೂತ್ಕೋ."

"ಕೂರಲ್ಲ. ಹೇಳಿ."

ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಾ ಹೋಗುವ ಕಾಯಿಲೆ. ಎರಡೂ ಕಣ್ಣಿಗೆ. ಮೊದಲು ಕಿಟಕಿಯ ಸರಳುಗಳು ಡೊಂಕಾಗಿ ಕಾಣತೊಡಗಿದವಂತೆ. ಆಮೇಲೆ ಯಾವುದನ್ನು ನೇರ ನೋಡುತ್ತಾಳೋ ಅದೇ ಜಾಗದಲ್ಲಿ ಒಂದು ಮಬ್ಬು ಮಚ್ಚೆ. ಸುತ್ತ ಅಂಚಿನಲ್ಲಿ ಕಾಣುತ್ತದೆ. ಓಡಾಡುತ್ತಾಳೆ, ಅಡುಗೆ ಮಾಡುತ್ತಾಳೆ, ಮುಖ ಕಾಣುವುದಿಲ್ಲ. ಮುಖ ನೋಡಬೇಕಾದರೆ ಪಕ್ಕಕ್ಕೆ ನೋಡಬೇಕು. ಸ್ಕೋಪಿನ ಆ ಸಣ್ಣ ತೂತಿನಲ್ಲಿ ಅವಳಿಗೆ ಕಾಣುವುದು ಮಚ್ಚೆಯೊಂದೇ. ನಮ್ಮ ಮನೆಗೆ ಎರಡು ಬೀದಿ ಆಚೆಯ ಕಣ್ಣಿನ ಆಸ್ಪತ್ರೆಗೆ ಅವಳು ಬರುತ್ತಿದ್ದಳು, ಕರೆದುಕೊಂಡು ಹೋಗುತ್ತಿದ್ದವನು ನನ್ನ ಗಂಡ. ದುರ್ಗಿಗುಡಿಯಲ್ಲಿ ಸ್ನೇಹಿತನ ಅಂಗಡಿಗೆ ಹೋಗಿ ಬರುತ್ತೇನೆ ಎಂದು ನನಗೆ ಹೇಳಿ ಹೋಗುತ್ತಿದ್ದುದೆಲ್ಲ ಅಲ್ಲಿಗೆ. ಅವಳ ಗಂಡನಿಗೆ ಗೊತ್ತು, ಮಕ್ಕಳಿಗೆ ಗೊತ್ತು. ಎಷ್ಟು ದಿನದಿಂದ ಎಂದರೆ, "ಎರಡು ಮೂರು ವರ್ಷ ಆಗಿರ್ಬೇಕು" ಎಂದ, ಸೌತೆಕಾಯಿ ನೋಡುತ್ತಾ.

"ನನಗೊಬ್ಬಳಿಗೆ ಯಾಕೆ ಹೇಳ್ಲಿಲ್ಲ?"

"ಅವಳೇ ಆಣೆ ಹಾಕಿಸ್ಕೊಂಡಿದ್ಲು ಮಾರಾಯ್ತಿ. ಗೊತ್ತಾದ್ರೆ ನೀನು ಕರ್ಕೊಂಡ್ ಹೋಗಲ್ಲ ಅಂತ. ಇಬ್ರೂ ನೋಡ್ಬೇಕು ಅನ್ನೋದು ನಿಂದೇ ರೂಲ್ಸ್ ಅಲ್ವಾ?"

ಒಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಒಬ್ಬರಿಗೆ ಮಾತ್ರ ಗೊತ್ತಿಲ್ಲದಿದ್ದರೆ, ಆ ಒಬ್ಬರು ಆ ಮನೆಯವರೋ ಅಲ್ಲವೋ? ಈ ಪ್ರಶ್ನೆಗೆ ನನ್ನ ಗಂಡ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಹೋಳಿಗೆ ನೆನಪಾಗಿ ಇನ್ನಷ್ಟು ಉರಿಯಿತು. ಮುಖ ಕೊಡುತ್ತಿಲ್ಲ ಎಂದು ಕೊರಗಿ ಬೇಳೆ ರುಬ್ಬಿದ್ದೆ. ಅವನು ಪಕ್ಕದಲ್ಲಿ ಕೂತು ಎರಡು ಹೆಚ್ಚೇ ಹಾಕಿಸಿಕೊಂಡು ತಿಂದಿದ್ದ, ಕಾರಣ ಗೊತ್ತಿದ್ದೂ.

ಮುಂದಿನ ಭಾನುವಾರ ಜನ್ನಾಪುರಕ್ಕೆ ಹೋದೆ. ನಾದಿನಿ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನೋಡದೆಯೇ, ಬೆರಳಿನಲ್ಲಿ. ನನ್ನ ಚಪ್ಪಲಿಯ ಸದ್ದಿಗೆ ತಲೆಯೆತ್ತಿ, "ಅಣ್ಣ ಫೋನ್ ಮಾಡಿದ್ದ" ಎಂದಳು.

"ಅಷ್ಟಾದ್ರೂ ಮಾಡಿದ್ನಲ್ಲ."

"ಬನ್ನಿ ಅತ್ತಿಗೆ, ಕೂತ್ಕೊಳಿ."

ನಾವಿಬ್ಬರೇ ಇದ್ದೆವು. ಆದರೂ 'ಬನ್ನಿ' ಎಂದಳು.

ನಾನು ತಯಾರು ಮಾಡಿಕೊಂಡು ಹೋಗಿದ್ದ ಮಾತುಗಳೆಲ್ಲ ಹೇಳಿದೆ. ಹಾವಕ್ಕಿ, ಗುಳುಮುಳುಕ, ಎಲ್ಲ ಕೇಳಿದೆ. ಹಾವಕ್ಕಿ ಕಂಡಿದ್ದೆ, ಆಗ ಕಣ್ಣು ಸರಿಯಿತ್ತು ಎಂದಳು. ಗುಳುಮುಳುಕ ಕಾಣಲಿಲ್ಲ. ಆದರೆ ಅದು ಮುಳುಗಿದ ಸದ್ದು ಕೇಳಿತು, ನೀರಿನಲ್ಲಿ ಉಂಗುರ ಎದ್ದದ್ದು ಅಂಚಿನಲ್ಲಿ ಕಂಡಿತು, ಮರಿ ಎಂದು ನೀವು ಹೇಳಿದಿರಿ, ನಾನು ಹೌದು ಎಂದೆ ಎಂದಳು. ಟಿಟ್ಟಿಭ ಸದ್ದಿನಿಂದಲೇ. ಬೆಳ್ಳಕ್ಕಿ ಎದ್ದು ಹಾರಿದರೆ ಕಾಣುತ್ತಿತ್ತು, ನಿಂತರೆ ಇಲ್ಲ. ಹೀಗೆ ಒಂದೊಂದನ್ನೂ ಬಿಡಿಸಿಕೊಟ್ಟಳು, ಹುಣಸೆಬೀಜದ ಹಾಗೆ. ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟದ್ದೆಲ್ಲ ಮುಗಿದ ಮೇಲೆ ಈ ಪ್ರಾಮಾಣಿಕತೆ ಯಾಕೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

"ಫ್ಲೆಮಿಂಗೊ?"

"ಗೀಟು ಕಾಣ್ತು. ಗುಲಾಬಿ ಗೀಟು. ನಿಜ. ಸ್ಕೋಪಿನಲ್ಲಿ ಏನೂ ಇಲ್ಲ."

"ಮರಿ ಕಂಡೆ ಅಂದ್ಯಲ್ಲೇ."

ಅವಳು ನಕ್ಕಳು. "ಅತ್ತಿಗೆ, ಹಕ್ಕಿಗಳು ಎಡಗಡೆ ಕೂಗ್ತಿದ್ವು. ನೀವು ಸ್ಕೋಪು ಬಲಗಡೆ ತಿರುಗಿಸಿ ಇಟ್ಟಿದ್ರಿ. ಕಣ್ಣು ಹೋಗಿರೋದು, ಕಿವಿ ಅಲ್ಲ."

ಇನ್ನೊಂದು ಬೀಜ ಬಿಡಿಸುತ್ತಾ ಮುಂದುವರಿಸಿದಳು.

"ಅಲ್ಲೇನೂ ಇಲ್ಲ ಅಂತ ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಬಗ್ಗಿಕೊಂಡೇ ಕಾದೆ. ನೀವು ಹೇಳ್ಲಿಲ್ಲ. ಕಂಡ್ಯಾ ಅಂದ್ರಿ. ಸರಿ, ಆಟ ನಡೀಲಿ ಅಂತ ನಾನೂ ಕಂಡೆ ಅಂದೆ."

ನಾನು ಅವಳನ್ನು ಹಿಡಿದೆ ಎಂದುಕೊಂಡಿದ್ದ ಆ ಬೆಳಿಗ್ಗೆ ಅವಳು ನನ್ನನ್ನು ಹಿಡಿದಿದ್ದಳು. ಆಮೇಲೆ ಎರಡು ದಿನದ ರೈಲಿನಲ್ಲಿ ನನ್ನ ಎದುರು ಕೂತು ಆ ಸಂಸಾರಕ್ಕೆ ನನ್ನ ಹಕ್ಕಿಗಳನ್ನು ವರ್ಣಿಸಿದ್ದು ಇದೆಲ್ಲ ಗೊತ್ತಿದ್ದುಕೊಂಡೇ.

"ಆ ಜೀಪಿನವನು ಕಲ್ಲು ಎಸೀತೀನಿ ಅಂದ. ನಾನೇ ಬೇಡ ಅಂದೆ, ಅದಾದ್ರೂ ನೆನಪಿದ್ಯಾ?" ಎಂದಳು.

"ನೀನಲ್ಲ, ನಾನು ಅಂದಿದ್ದು. ನಕ್ಕೋ ಅಂದಿದ್ದು ನಾನು."

"ನಾನು ಅತ್ತಿಗೆ. ನಕ್ಕೋ ಭೈಯಾ ಖಾನೇ ದೋ ಉನ್ಕೋ ಅಂದೆ. ಅವನು ನಕ್ಕ."

ಆ ದೃಶ್ಯವನ್ನು ಈಗ ಇನ್ನೊಮ್ಮೆ ಬರೆಯುತ್ತೇನೆ. ಒಡ್ಡು. ಬಿಳುಪು. ಅಂಚಿನ ಗುಲಾಬಿ ಗೀಟು. ಜೀಪಿನವನ ಕೈಯಲ್ಲಿ ಕಲ್ಲು. ಅವು ಎದ್ದರೆ ಆಕಾಶ ತುಂಬ ಕೆಂಪು ರೆಕ್ಕೆಗಳು, ದೊಡ್ಡದಾಗಿ, ಚಲಿಸುತ್ತಾ, ಎಲ್ಲ ಅಂಚುಗಳಲ್ಲೂ. ಅಂದರೆ ನಾದಿನಿಗೆ ಕಾಣುವ ಕಡೆಯೆಲ್ಲ. ನಿಂತ ಹಕ್ಕಿ ಅವಳ ಪಾಲಿಗೆ ಇರಲಿಲ್ಲ, ಎದ್ದ ಹಕ್ಕಿ ಮಾತ್ರ ಇತ್ತು. ಒಂದು ಕಲ್ಲಿನಷ್ಟು ದೂರದಲ್ಲಿ ಅವಳು ಬಂದ ಕೆಲಸ ಮುಗಿಯುತ್ತಿತ್ತು. ಅವಳು ನಕ್ಕೋ ಎಂದಳು. ಇದು ಅವಳ ನೆನಪಿನ ಪ್ರಕಾರ. ನನ್ನ ನೆನಪಿನಲ್ಲಿ ಆ ಮಾತು ನನ್ನ ಬಾಯಿಯಿಂದಲೇ ಬರುತ್ತದೆ, ನಾಲಗೆಯ ಮೇಲೆ ಅದರ ಗುರುತು ಈಗಲೂ ಇದೆ. ಇಬ್ಬರೂ ಒಟ್ಟಿಗೆ ಅಂದಿರಬಹುದು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೆ ಬರೆಯಲು ನನಗೆ ಯಾವ ಆಧಾರವೂ ಇಲ್ಲ.

ಯಾರು ಅಂದಿದ್ದರೂ ಒಂದು ಮಾತು ಉಳಿಯುತ್ತದೆ. ಅವಳ ಕಣ್ಣಿನ ವಿಷಯ ಆಗ ನನಗೆ ಗೊತ್ತಿದ್ದರೆ ನಾನು ನಕ್ಕೋ ಎನ್ನುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಕಲ್ಲು ಎಸಿ ಭೈಯಾ ಎನ್ನುತ್ತಿದ್ದೆನೋ ಏನೋ. ಹಕ್ಕಿಗೂ ಇವಳಿಗೂ ನಡುವೆ ಆರಿಸಿಕೊಳ್ಳಬೇಕಾದ ಜಾಗದಲ್ಲಿ ನಾನು ನಿಲ್ಲಬೇಕಿತ್ತು. ಅವಳು ಆ ಜಾಗವನ್ನೇ ನನ್ನಿಂದ ತೆಗೆದುಕೊಂಡು, ಒಬ್ಬಳೇ ಆರಿಸಿಕೊಂಡು, ನನ್ನನ್ನು ಪಕ್ಕದಲ್ಲಿ ಸುಮ್ಮನೆ ನೀತಿವಂತಳಂತೆ ನಿಲ್ಲಿಸಿದಳು. ಇದನ್ನು ಅವಳಿಗೆ ಹೇಳಿದೆ.

"ಅದಕ್ಕೇ ಹೇಳ್ಲಿಲ್ಲ" ಎಂದಳು. "ನೀವು ಎಸಿ ಅಂದಿದ್ರೆ ನಾನು 'ಹೂಂ' ಅಂದುಬಿಡ್ತಿದ್ದೆ."

ಬೀಜ ಬಿಡಿಸುವುದನ್ನು ನಿಲ್ಲಿಸಿದ್ದಳು. ನಾನು ಕಾಫಿ ಕುಡಿಯದೆ ಎದ್ದು ಬಂದೆ. ನಮ್ಮಲ್ಲಿ ಕಾಫಿ ಕುಡಿಯದೆ ಏಳುವುದು ಸಣ್ಣ ವಿಷಯವಲ್ಲ.

ಎಷ್ಟೋ ಭಾನುವಾರ ಹೋಗಲಿಲ್ಲ. ಗಂಡ ಎರಡು ಸಲ ಹೇಳಿ ನೋಡಿದ. "ನೀವು ದುರ್ಗಿಗುಡಿಗೆ ಹೋಗಿ ಬನ್ನಿ" ಎಂದೆ. ಕೊನೆಗೆ ಈ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನೇ ಬಸ್ ಹತ್ತಿದೆ. ಯಾಕೆ ಎಂದರೆ ಹೇಳಲಾರೆ. ಕ್ಷಮಿಸಿರಲಿಲ್ಲ, ಈಗಲೂ ಇಲ್ಲ. ಸ್ಕೋಪು ಮನೆಯಲ್ಲೇ ಬಿಟ್ಟಿದ್ದೆ.

ಅವಳು ಹೊಳೆಹೊನ್ನೂರು ರಸ್ತೆಯ ಕೆರೆ ಏರಿಯ ಮೇಲೆ ಆಗಲೇ ಕೂತಿದ್ದಳು. ಆಟೋದವನು ಆಚೆ ಹುಣಸೆಮರದ ಕೆಳಗೆ ನಿದ್ದೆ ಮಾಡುತ್ತಿದ್ದ. ನಾನು ಪಕ್ಕದಲ್ಲಿ ಕೂತೆ. ಕೆರೆ ತುಂಬಿತ್ತು, ಜೊಂಡು ಎತ್ತರಕ್ಕೆ ಬೆಳೆದಿತ್ತು. ಸ್ವಲ್ಪ ಹೊತ್ತಿಗೆ ಅವಳು ತಲೆ ವಾಲಿಸಿದಳು.

"ಜೊಂಡಿನ ಆ ಕಡೆ. ಗುಳುಮುಳುಕ. ಮರಿ ಇದೆ, ಕೇಳು, ಸಣ್ಣಗೆ ಕೀಚ್ ಕೀಚ್ ಅಂತಿದೆ."

ನಾನು ಬೈನಾಕ್ಯುಲರ್ ಎತ್ತಿ ನೋಡಿದೆ. ಜೊಂಡು. ನೀರು. ಇನ್ನೂ ನೋಡಿದೆ. ಎದ್ದು ನಾಲ್ಕು ಹೆಜ್ಜೆ ಮುಂದಕ್ಕೆ ಹೋದರೆ ಕಾಣುತ್ತಿತ್ತೇನೋ, ಹಕ್ಕಿ ಮುಳುಗಿಬಿಡುತ್ತಿತ್ತು. ಏಳಲಿಲ್ಲ. ಕಿವಿಗೊಟ್ಟೆ. ಕೀರಲು ಸದ್ದು ಇದ್ದ ಹಾಗೂ ಇತ್ತು, ಗಾಳಿಯೂ ಇರಬಹುದಿತ್ತು.

"ಕಂಡ್ಯಾ?" ಎಂದಳು.

ಕಂಡೆ ಎನ್ನಬಹುದಿತ್ತು. ನಾಲಗೆಯ ತುದಿಯವರೆಗೆ ಬಂತು.

"ಇಲ್ಲ. ಕಾಣ್ತಿಲ್ಲ" ಎಂದೆ.

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ನನ್ನ ಕಿವಿಯ ಪಕ್ಕಕ್ಕೆ ನೋಡುತ್ತಾ, ಅಂದರೆ ನನ್ನನ್ನೇ ನೋಡುತ್ತಾ, "ಒಂದು ಸುಳ್ಳು ಹೇಳಕ್ಕೂ ಬರಲ್ವಲ್ಲೇ ಮಾರಾಯ್ತಿ ನಿಂಗೆ" ಎಂದಳು.

ಆ ಹಕ್ಕಿಯನ್ನು ನಾವು ನೋಡಿದ್ದರಲ್ಲಿ ಸೇರಿಸಿಕೊಳ್ಳಲಿಲ್ಲ. ಆಟೋದವನನ್ನು ಎಬ್ಬಿಸದೆ ಬಿಸಿಲೇರುವವರೆಗೂ ಅಲ್ಲೇ ಕೂತಿದ್ದೆವು.